ಛಾಯಾಚಿತ್ರ ತಂತ್ರಾಂಶ ನಿಧಾನವಾದಾಗ: ಹೊಸ ಗಣಕಯಂತ್ರ ಕೊಳ್ಳುವ ಮುನ್ನ

ಇಂದಿನ ವ್ಯಾಪಾರದಲ್ಲಿ ಸರಕಿಗಿಂತ ಮೊದಲು ಸರಕಿನ ಛಾಯಾಚಿತ್ರವು ಗ್ರಾಹಕನನ್ನು ತಲುಪುತ್ತದೆ. ಹುಬ್ಬಳ್ಳಿಯ ಸೀರೆ ಸಗಟು ವ್ಯಾಪಾರಿಯೊಬ್ಬರನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಅವರ ಅಂಗಡಿಗೆ ವಾರಕ್ಕೆ 40 ಹೊಸ ಇಳಕಲ್ ಸೀರೆಗಳು ಬರುತ್ತವೆ. ಒಡಲು, ದಡಿ, ಸೆರಗು, ನೇಯ್ಗೆ ಎಂದು ಪ್ರತಿ ಸೀರೆಗೆ 6 ಚಿತ್ರಗಳಂತೆ ವಾರಕ್ಕೆ 240 ಚಿತ್ರಗಳಾಗುತ್ತವೆ. ಪರಊರಿನ ಗ್ರಾಹಕರು ಇವುಗಳನ್ನು ನೋಡಿಯೇ ಬೇಡಿಕೆ ಸಲ್ಲಿಸುವುದರಿಂದ, ಚಿತ್ರದಲ್ಲಿ ಬಣ್ಣ ತಪ್ಪಿದರೆ ಸರಕು ಹಿಂದಿರುಗಿ ಬರುತ್ತದೆ. ಆದುದರಿಂದ ಪ್ರತಿ ಚಿತ್ರವನ್ನೂ ತೆರೆದು, ಅಂಚು ಕತ್ತರಿಸಿ, ಬಣ್ಣ ಸರಿಪಡಿಸಿ, ಹಿಗ್ಗಿಸಿ ನೋಡಲೇಬೇಕು. ಈ ನಾಲ್ಕು ಕ್ರಿಯೆಗಳಲ್ಲಿ ಒಂದೊಂದಕ್ಕೂ ತಂತ್ರಾಂಶವು 12 ಸೆಕೆಂಡು ಕಾಯಿಸಿತೆಂದರೆ ವಾರಕ್ಕೆ 11,520 ಸೆಕೆಂಡು, ಅಂದರೆ 3 ಗಂಟೆ 12 ನಿಮಿಷ, ಕೇವಲ ಕಾಯುವುದರಲ್ಲಿ ಕಳೆದುಹೋಗುತ್ತದೆ. ಗುಮಾಸ್ತರ ಸಂಬಳ ಈ ಮೂರು ಗಂಟೆಗಳಿಗೂ ಸಲ್ಲುತ್ತದೆ.

ಇಂತಹ ಸಂದರ್ಭದಲ್ಲಿ ಬಹುತೇಕ ವ್ಯಾಪಾರಸ್ಥರು ಎರಡರಲ್ಲೊಂದು ದಾರಿ ಹಿಡಿಯುತ್ತಾರೆ. ಹೊಸ ಗಣಕಯಂತ್ರವನ್ನು ಕೊಳ್ಳುವುದು ಒಂದು. ಪರಿಚಿತ ಹುಡುಗನೊಬ್ಬನನ್ನು ಕರೆಸಿ "ಬೇಡವಾದುದನ್ನೆಲ್ಲ ಅಳಿಸು" ಎನ್ನುವುದು ಇನ್ನೊಂದು. ಮೊದಲನೆಯದು ಅನಗತ್ಯ ವೆಚ್ಚವಾಗಬಹುದು. ಎರಡನೆಯದು ಅದಕ್ಕಿಂತ ಅಪಾಯಕಾರಿ, ಏಕೆಂದರೆ ವರ್ಷಗಳ ದುಡಿಮೆ ಒಂದೇ ಕ್ಷಣದಲ್ಲಿ ಅಳಿದುಹೋಗಬಹುದು. ವೃತ್ತಿಪರರಲ್ಲಿ ಹೆಚ್ಚು ಬಳಕೆಯಲ್ಲಿರುವ ಅಡೋಬ್ ಸಂಸ್ಥೆಯ ಲೈಟ್‌ರೂಮ್ ಕ್ಲಾಸಿಕ್ ತಂತ್ರಾಂಶವನ್ನು ಆಧಾರವಾಗಿಟ್ಟುಕೊಂಡು, ನಿಧಾನಗತಿಯ ಕಾರಣವನ್ನು ಕ್ರಮಬದ್ಧವಾಗಿ ಪತ್ತೆಹಚ್ಚುವ ಬಗೆಯನ್ನು ಇಲ್ಲಿ ವಿವೇಚಿಸಲಾಗಿದೆ. ಲೈಟ್‌ರೂಮ್ 2007ರಲ್ಲಿ ಮಾರುಕಟ್ಟೆಗೆ ಬಂದಿತು. 2017ರಲ್ಲಿ ಅದು ಎರಡಾಗಿ ಕವಲೊಡೆದಾಗ, ಚಿತ್ರಗಳನ್ನು ಸ್ವಂತ ಗಣಕಯಂತ್ರದಲ್ಲಿಯೇ ಇರಿಸಿಕೊಳ್ಳುವ ಶಾಖೆಗೆ ಕ್ಲಾಸಿಕ್ ಎಂಬ ಹೆಸರಾಯಿತು.

ಗೋದಾಮು ಮತ್ತು ಖಾತೆ ಪುಸ್ತಕ

ಈ ತಂತ್ರಾಂಶದ ರಚನೆಯನ್ನು ವ್ಯಾಪಾರಸ್ಥರು ಸುಲಭವಾಗಿ ಗ್ರಹಿಸಬಲ್ಲರು. ಮೂಲ ಚಿತ್ರಗಳು ಗೋದಾಮಿನಲ್ಲಿರುವ ದಾಸ್ತಾನು ಇದ್ದಂತೆ. ತಂತ್ರಾಂಶವು ಅವುಗಳ ಮೇಲೆ ಕೈಯಿಡುವುದಿಲ್ಲ. ಯಾವ ಚಿತ್ರ ಎಲ್ಲಿದೆ, ಅದಕ್ಕೆ ಯಾವ ತಿದ್ದುಪಡಿ ಮಾಡಲಾಗಿದೆ ಎಂಬ ವಿವರ ಮಾತ್ರ ಪ್ರತ್ಯೇಕವಾದ ಖಾತೆ ಪುಸ್ತಕದಲ್ಲಿ ದಾಖಲಾಗುತ್ತದೆ. ಈ ಪುಸ್ತಕಕ್ಕೆ ಕ್ಯಾಟಲಾಗ್ ಎಂದು ಹೆಸರು; ಕಡತದ ಹೆಸರಿನ ಕೊನೆಯಲ್ಲಿ ಎಲ್‌ಆರ್‌ಕ್ಯಾಟ್ ಎಂದಿರುತ್ತದೆ. ತಂತ್ರಾಂಶ ಕೆಲಸ ಮಾಡುತ್ತಿರುವಾಗ ಅದರ ಪಕ್ಕದಲ್ಲಿ ಡಬ್ಲ್ಯೂಎಎಲ್ ಎಂದು ಕೊನೆಗೊಳ್ಳುವ ಇನ್ನೊಂದು ಕಡತ ಕಾಣಿಸಿಕೊಳ್ಳುತ್ತದೆ. ಇದು ಕಿರ್ದಿ ಇದ್ದಂತೆ: ಹೊಸ ನಮೂದುಗಳು ಮೊದಲು ಇಲ್ಲಿ ಬಿದ್ದು, ನಂತರ ಖಾತೆಗೆ ಏರುತ್ತವೆ. ವಿದ್ಯುತ್ ಹೋಗಿ ಯಂತ್ರ ನಿಂತ ಬಳಿಕ ಈ ಕಡತವು ಅಲ್ಲಿಯೇ ಉಳಿದಿದ್ದರೆ ಅದನ್ನು ಕಸವೆಂದು ಅಳಿಸಬಾರದು. ಖಾತೆಗೆ ಇನ್ನೂ ಏರದ ನಮೂದುಗಳು ಅದರಲ್ಲಿರಬಹುದು. 2021ರ ನಂತರದ ಆವೃತ್ತಿಗಳಲ್ಲಿ ಎಲ್‌ಆರ್‌ಕ್ಯಾಟ್-ಡೇಟಾ ಎಂಬ ಕಡತವೂ ಇರುತ್ತದೆ. ಚಿತ್ರದ ಒಂದು ಭಾಗವನ್ನು ಮಾತ್ರ ಆಯ್ದು ಮಾಡಿದ ತಿದ್ದುಪಡಿಗಳ ವಿವರಗಳು ಅದಕ್ಕೆ ಸೇರಿರುವುದರಿಂದ ಅದನ್ನೂ ಮುಟ್ಟತಕ್ಕದ್ದಲ್ಲ.

ಇವುಗಳಿಗೆ ಹೊರತಾಗಿ, ಪ್ರಿವ್ಯೂಸ್ ಎಂಬ ಹೆಸರಿನ ಬೃಹತ್ ಸಂಗ್ರಹವೊಂದಿದೆ. ಇದು ಅಂಗಡಿಯ ಮಾದರಿ ಪುಸ್ತಕದಂತೆ. ಹಾಳಾದರೂ ಮೂಲ ಚಿತ್ರಗಳಿಂದ ಮತ್ತೆ ಸಿದ್ಧಪಡಿಸಬಹುದು. ಮೂಲ ಚಿತ್ರಗಳಿರುವ ಡಿಸ್ಕ್ ಕೆಟ್ಟುಹೋಗಿದ್ದಲ್ಲಿ ಮಾತ್ರ ಈ ಮಾದರಿ ಪುಸ್ತಕವೇ ಉಳಿದ ಏಕೈಕ ಕುರುಹು, ಆಗ ಅದನ್ನು ಕಾಪಾಡಿಕೊಳ್ಳಬೇಕು. ಕ್ಯಾಮರಾ ರಾ ಕ್ಯಾಷ್ ಎಂಬುದನ್ನಂತೂ ನಿಶ್ಚಿಂತೆಯಿಂದ ಖಾಲಿ ಮಾಡಬಹುದು. ಅದಕ್ಕಾಗಿ ತಂತ್ರಾಂಶದಲ್ಲಿಯೇ ಗುಂಡಿಯಿದೆ.

ಇಲ್ಲಿ ಅನೇಕರು ಎಡವುವ ಒಂದು ಸಂಗತಿಯುಂಟು. ತಂತ್ರಾಂಶವನ್ನು ಮುಚ್ಚುವಾಗ "ಬ್ಯಾಕಪ್ ಮಾಡಬೇಕೇ" ಎಂದು ಅದು ಕೇಳುತ್ತದೆ. ಒಪ್ಪಿಗೆ ಕೊಟ್ಟವರು ತಮ್ಮ ಚಿತ್ರಗಳು ಭದ್ರವಾದವೆಂದು ಭಾವಿಸುತ್ತಾರೆ. ವಾಸ್ತವವಾಗಿ ಆ ಬ್ಯಾಕಪ್‌ನಲ್ಲಿ ಖಾತೆ ಪುಸ್ತಕ ಮಾತ್ರ ನಕಲಾಗುತ್ತದೆಯೇ ಹೊರತು ಒಂದೇ ಒಂದು ಚಿತ್ರವೂ ನಕಲಾಗುವುದಿಲ್ಲ. ಆ ನಕಲೂ ಸಾಮಾನ್ಯವಾಗಿ ಅದೇ ಡಿಸ್ಕ್‌ನಲ್ಲಿಯೇ ಕುಳಿತಿರುತ್ತದೆ. ದುರಸ್ತಿಗೆ ಕೈ ಹಾಕುವ ಮುನ್ನ ತಂತ್ರಾಂಶವನ್ನು ಮುಚ್ಚಿ, ಕ್ಯಾಟಲಾಗ್ ಇರುವ ಇಡೀ ಫೋಲ್ಡರನ್ನೂ ಚಿತ್ರಗಳ ಫೋಲ್ಡರನ್ನೂ ಬೇರೊಂದು ಡಿಸ್ಕ್‌ಗೆ ನಕಲು ಮಾಡಿಕೊಳ್ಳತಕ್ಕದ್ದು. ಇದಾಗದೆ ಮುಂದಿನ ಯಾವ ಹೆಜ್ಜೆಯನ್ನೂ ಇಡಬಾರದು.

ಅಳೆದು ನೋಡುವುದು

ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಸಂಸ್ಕಾರಕ, ಸ್ಮೃತಿ, ಡಿಸ್ಕ್ ಮತ್ತು ಗ್ರಾಫಿಕ್ಸ್ ಘಟಕಗಳ ಹೊರೆ ಕಾಣುತ್ತದೆ. ಅದನ್ನು ತೆರೆದಿಟ್ಟುಕೊಂಡೇ ಎಂದಿನ ಕೆಲಸ ಮಾಡಿ, ಕಾಯಿಸುವ ಕ್ಷಣದಲ್ಲಿ ಯಾವುದು ತುದಿ ಮುಟ್ಟಿದೆ ಎಂದು ಗಮನಿಸಬೇಕು. ಸಂಸ್ಕಾರಕವು ಶೇಕಡಾ 15ರಲ್ಲಿದ್ದು ಡಿಸ್ಕ್ ಶೇಕಡಾ 100 ಎಂದು ತೋರಿಸುತ್ತಿದ್ದರೆ, ಎಷ್ಟೇ ಬೆಲೆಬಾಳುವ ಹೊಸ ಸಂಸ್ಕಾರಕವೂ ಪ್ರಯೋಜನಕ್ಕೆ ಬಾರದು. ತಿದ್ದಿದ ಚಿತ್ರಗಳನ್ನು ಒಟ್ಟಾಗಿ ಹೊರತೆಗೆಯುವಾಗ ಸಂಸ್ಕಾರಕವು ಪೂರ್ಣ ಹೊರೆಯಲ್ಲಿರುವುದು ಮಾತ್ರ ದೋಷವಲ್ಲ. ಅದು ದುಡಿಯುತ್ತಿರುವುದರ ಲಕ್ಷಣ.

ಎರಡನೆಯ ಪರೀಕ್ಷೆ ಲೆಕ್ಕಪರಿಶೋಧಕರ ಮಾದರಿ ಪರಿಶೀಲನೆಯನ್ನು ಹೋಲುತ್ತದೆ. ಹೊಸದೊಂದು ಖಾಲಿ ಕ್ಯಾಟಲಾಗನ್ನು ರಚಿಸಿ, ಅದಕ್ಕೆ ನೂರು ಚಿತ್ರಗಳನ್ನು ಮಾತ್ರ ಸೇರಿಸಿ ಅದೇ ಕೆಲಸವನ್ನು ಮಾಡಿ ನೋಡಬೇಕು. ಅಲ್ಲಿಯೂ ನಿಧಾನವಾದರೆ ಕೊರತೆ ಯಂತ್ರದಲ್ಲಿ ಅಥವಾ ಅದರ ಹೊಂದಿಕೆಯಲ್ಲಿದೆ. ಅಲ್ಲಿ ಚುರುಕಾಗಿದ್ದರೆ ಹಳೆಯ ಕ್ಯಾಟಲಾಗ್‌ನ ಕಡೆಗೆ ನೋಡಬೇಕು. ಫೈಲ್ ಮೆನುವಿನಲ್ಲಿರುವ ಆಪ್ಟಿಮೈಸ್ ಕ್ಯಾಟಲಾಗ್ ಎಂಬ ಆಜ್ಞೆಯನ್ನು ಮೊದಲು ನಡೆಸಬೇಕು. ಕ್ಯಾಟಲಾಗ್‌ನಲ್ಲಿ ಚಿತ್ರಗಳ ಸಂಖ್ಯೆ ಲಕ್ಷ ದಾಟಿದೆ ಎಂಬ ಭಯದಿಂದ ಅದನ್ನು ವರ್ಷವಾರು ಒಡೆಯುವ ರೂಢಿ ಕೆಲವರಲ್ಲಿದೆ. ಅದರಿಂದ ಹಳೆಯ ನಮೂನೆಯನ್ನು ಹುಡುಕುವ ತೊಂದರೆ ಹೆಚ್ಚುವುದೇ ನಿಜ.

ತಂತ್ರಾಂಶ ತೆರೆಯುವಾಗಲೇ ತಡವರಿಸುತ್ತಿದ್ದರೆ ಆಲ್ಟ್ ಮತ್ತು ಶಿಫ್ಟ್ ಕೀಲಿಗಳನ್ನು ಒತ್ತಿಹಿಡಿದು ಅದನ್ನು ತೆರೆಯಬಹುದು. ಆಗ ಆಯ್ಕೆಗಳನ್ನೆಲ್ಲ ಮೂಲಸ್ಥಿತಿಗೆ ತರಬೇಕೇ ಎಂದು ಅದು ಕೇಳುತ್ತದೆ. ಕ್ಯಾಟಲಾಗ್‌ಗೆ ಇದರಿಂದ ಧಕ್ಕೆಯಿಲ್ಲ. ಆದರೆ ತಾವು ಹೊಂದಿಸಿಕೊಂಡಿದ್ದ ಆಯ್ಕೆಗಳನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಲೇಸು.

ಸಾಮಾನ್ಯವಾಗಿ ಕಂಡುಬರುವ ಕಾರಣಗಳು

ಎಲ್ಲಕ್ಕಿಂತ ಮುಖ್ಯವಾದುದು ಡಿಸ್ಕ್. ನಿಮಿಷಕ್ಕೆ 7,200 ಬಾರಿ ಸುತ್ತುವ ಹಾರ್ಡ್ ಡಿಸ್ಕ್ ಸೆಕೆಂಡಿಗೆ 120 ಸುತ್ತು ಸುತ್ತುತ್ತದೆ. ಒಂದು ಸುತ್ತಿಗೆ 8.3 ಮಿಲಿಸೆಕೆಂಡು ಬೇಕು. ಬೇಕಾದ ಭಾಗವು ಓದುವ ಸೂಜಿಯಡಿ ಬರಲು ಸರಾಸರಿ ಅದರ ಅರ್ಧದಷ್ಟು ಕಾಲ ಕಾಯಬೇಕು. ಸೂಜಿ ಸರಿದು ನಿಲ್ಲುವ ಕಾಲ ಬೇರೆ. ದೊಡ್ಡ ಕಡತವೊಂದನ್ನು ಸರಾಗವಾಗಿ ಓದುವಾಗ ಇದು ತಿಳಿಯುವುದಿಲ್ಲ. ಆದರೆ ಕ್ಯಾಟಲಾಗ್ ಮತ್ತು ಪ್ರಿವ್ಯೂ ಸಂಗ್ರಹಗಳಿಂದ ಸಾವಿರಾರು ಚಿಕ್ಕ ತುಣುಕುಗಳನ್ನು ಅಲ್ಲೊಂದು ಇಲ್ಲೊಂದು ಓದುವಾಗ ಈ ಮಿಲಿಸೆಕೆಂಡುಗಳೇ ಸೇರಿ ನಿಮಿಷಗಳಾಗುತ್ತವೆ. ಸುತ್ತುವ ಭಾಗವೇ ಇಲ್ಲದ ಎಸ್‌ಎಸ್‌ಡಿಯಲ್ಲಿ ಈ ಕಾಯುವಿಕೆ ಇಲ್ಲವೆಂದೇ ಹೇಳಬಹುದು. ಹಾಗೆಂದು ಎಲ್ಲವನ್ನೂ ಎಸ್‌ಎಸ್‌ಡಿಗೆ ಸಾಗಿಸಬೇಕಿಲ್ಲ. ಮೇಲಿನ ಉದಾಹರಣೆಯ ವ್ಯಾಪಾರಿಗೆ ವರ್ಷಕ್ಕೆ 12,480 ಚಿತ್ರಗಳು. ಒಂದಕ್ಕೆ 25 ಎಂಬಿಯಂತೆ 312 ಜಿಬಿ. ಈ ಮೂಲ ಚಿತ್ರಗಳು ಅಗ್ಗದ ಹಾರ್ಡ್ ಡಿಸ್ಕ್‌ನಲ್ಲಿಯೇ ಇರಲಿ. ಕ್ಯಾಟಲಾಗ್, ಪ್ರಿವ್ಯೂ ಮತ್ತು ಕ್ಯಾಷ್ ಈ ಮೂರು ಮಾತ್ರ ಎಸ್‌ಎಸ್‌ಡಿಯಲ್ಲಿದ್ದರೆ ಸಾಕು.

ಕ್ಯಾಟಲಾಗ್ ಇರುವ ಸ್ಥಳವನ್ನು ಇನ್ನೊಂದು ದೃಷ್ಟಿಯಿಂದಲೂ ಪರಿಶೀಲಿಸಬೇಕು. ತಂತ್ರಾಂಶವು ಸಾಮಾನ್ಯವಾಗಿ ಅದನ್ನು ಪಿಕ್ಚರ್ಸ್ ಫೋಲ್ಡರಿನಲ್ಲಿ ಇಡುತ್ತದೆ. ಅನೇಕ ವಿಂಡೋಸ್ ಯಂತ್ರಗಳಲ್ಲಿ ಅದೇ ಫೋಲ್ಡರ್ ಮಾಲೀಕರಿಗೆ ತಿಳಿಯದಂತೆಯೇ ಒನ್‌ಡ್ರೈವ್‌ಗೆ ಜೋಡಣೆಯಾಗಿರುತ್ತದೆ. ಆಗ ಪ್ರತಿ ತಿದ್ದುಪಡಿಯಿಂದ ಬದಲಾಗುವ ಕ್ಯಾಟಲಾಗನ್ನು ಒನ್‌ಡ್ರೈವ್ ಮತ್ತೆ ಮತ್ತೆ ಅಂತರಜಾಲಕ್ಕೆ ಏರಿಸಲು ಯತ್ನಿಸುತ್ತದೆ. ಒಂದೇ ಖಾತೆ ಪುಸ್ತಕವನ್ನು ಇಬ್ಬರು ಗುಮಾಸ್ತರು ಏಕಕಾಲಕ್ಕೆ ಎಳೆದಾಡಿದಂತೆ. ತಂತ್ರಾಂಶವನ್ನು ಮುಚ್ಚಿ, ಕ್ಯಾಟಲಾಗ್‌ನ ಇಡೀ ಫೋಲ್ಡರನ್ನು ಒನ್‌ಡ್ರೈವ್‌ನ ಹೊರಗಿನ ಸ್ಥಳಕ್ಕೆ ಸಾಗಿಸಿ, ಅಲ್ಲಿರುವ ಎಲ್‌ಆರ್‌ಕ್ಯಾಟ್ ಕಡತವನ್ನು ಎರಡು ಬಾರಿ ಕ್ಲಿಕ್ ಮಾಡಿ ತೆರೆದರೆ ಸಾಕು. ವೈರಸ್ ನಿರೋಧಕ ತಂತ್ರಾಂಶವೂ ಇದೇ ಬಗೆಯ ಅಡ್ಡಿ ಮಾಡಬಲ್ಲದು. ಕ್ಯಾಟಲಾಗ್ ಮತ್ತು ಕ್ಯಾಷ್ ಫೋಲ್ಡರುಗಳಿಗೆ ಮಾತ್ರ ಅದರಿಂದ ವಿನಾಯಿತಿ ಕೊಡಬೇಕೇ ವಿನಾ ಇಡೀ ಡಿಸ್ಕ್‌ಗೆ ಕೊಡಬಾರದು.

ಒಂದು ಚಿತ್ರದಿಂದ ಮುಂದಿನದಕ್ಕೆ ಹೋಗುವಾಗ ಮಾತ್ರ ತಡವಾಗುತ್ತಿದ್ದರೆ ಪ್ರಿವ್ಯೂಗಳು ಮೊದಲೇ ಸಿದ್ಧವಾಗಿಲ್ಲವೆಂದು ತಿಳಿಯಬೇಕು. ಚಿತ್ರಗಳನ್ನು ಸೇರಿಸುವಾಗಲೇ ಸ್ಟ್ಯಾಂಡರ್ಡ್ ಪ್ರಿವ್ಯೂ, ನೇಯ್ಗೆಯನ್ನು ಹಿಗ್ಗಿಸಿ ನೋಡುವವರಿಗಾದರೆ ಪೂರ್ಣಗಾತ್ರದ ಪ್ರಿವ್ಯೂ ರಚಿಸುವಂತೆ ಆಯ್ದು ಊಟಕ್ಕೆ ಹೊರಟರೆ, ಬರುವಷ್ಟರಲ್ಲಿ ಯಂತ್ರವು ತನ್ನ ಪಾಲಿನ ಕೆಲಸ ಮುಗಿಸಿರುತ್ತದೆ. ಪೂರ್ಣಗಾತ್ರದವು ಬಹಳ ಜಾಗ ಹಿಡಿಯುವುದರಿಂದ 30 ದಿನಗಳ ನಂತರ ತಾವಾಗಿ ಅಳಿಯುವಂತೆ ಕ್ಯಾಟಲಾಗ್ ಸೆಟ್ಟಿಂಗ್ಸ್‌ನಲ್ಲಿ ಗೊತ್ತುಪಡಿಸಬಹುದು.

ಬಣ್ಣ ಸರಿಪಡಿಸುವ ಪಟ್ಟಿಗಳನ್ನು ಎಳೆದಾಗ ಚಿತ್ರವು ತಡವಾಗಿ ಬದಲಾಗುವುದು ಬೇರೆಯದೇ ರೋಗ. ದೊಡ್ಡ ಪರದೆಯನ್ನು ಹೊಸದಾಗಿ ತಂದವರು ಈ ದೂರನ್ನು ಹೇಳುವುದುಂಟು. 1920×1080 ಪರದೆಯಲ್ಲಿ ಸುಮಾರು 20.7 ಲಕ್ಷ ಬಿಂದುಗಳಿದ್ದರೆ, 3840×2160 ಪರದೆಯಲ್ಲಿ ಅದರ ನಾಲ್ಕು ಪಟ್ಟು ಬಿಂದುಗಳಿವೆ. ಹಳೆಯ ಯಂತ್ರವು ಅದೇ ಸಮಯದಲ್ಲಿ ನಾಲ್ಕು ಪಟ್ಟು ಬಿಂದುಗಳನ್ನು ಬಿಡಿಸಬೇಕಾಗುತ್ತದೆ. ಸ್ಮಾರ್ಟ್ ಪ್ರಿವ್ಯೂ ಎಂಬ ಚಿಕ್ಕ ಪ್ರತಿಗಳನ್ನು ರಚಿಸಿ, ಮೂಲದ ಬದಲು ಅವುಗಳ ಮೇಲೆಯೇ ತಿದ್ದುವ ಆಯ್ಕೆ ಪ್ರಿಫರೆನ್ಸಸ್‌ನ ಪರ್ಫಾರ್ಮೆನ್ಸ್ ಪುಟದಲ್ಲಿದೆ. ಈ ಪ್ರತಿಗಳ ಉದ್ದನೆಯ ಬದಿ 2560 ಬಿಂದುಗಳಷ್ಟಿರುತ್ತದೆ. ಬಣ್ಣ ತಿದ್ದಲು ಅದು ಧಾರಾಳ. ಅದೇ ಪುಟದಲ್ಲಿ ಗ್ರಾಫಿಕ್ಸ್ ಘಟಕದ ಬಳಕೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿಯೂ ನೋಡಬಹುದು. ನಿಲ್ಲಿಸಿದಾಗ ಸುಧಾರಿಸಿದರೆ ಆ ಘಟಕದ ಚಾಲಕ ತಂತ್ರಾಂಶ ಹಳೆಯದಾಗಿರುವ ಸಂಭವ ಹೆಚ್ಚು. ಅದನ್ನು ತಯಾರಕರ ತಾಣದಿಂದಲೇ ಪಡೆದು ನವೀಕರಿಸಿ, ಮತ್ತೆ ಘಟಕವನ್ನು ಬಳಕೆಗೆ ತರಬೇಕು.

ಪ್ರತಿ ತಿದ್ದುಪಡಿಯನ್ನೂ ಎಕ್ಸ್‌ಎಂಪಿ ಕಡತಕ್ಕೆ ತಾನಾಗಿ ಬರೆಯುವ ಆಯ್ಕೆಯ ವಿಷಯದಲ್ಲಿ ಎರಡು ಮಾತಿದೆ. ಅದು ಡಿಸ್ಕ್‌ನ ಹೊರೆಯನ್ನು ಹೆಚ್ಚಿಸುತ್ತದೆ, ನಿಜ. ಆದರೆ ಖಾತೆ ಪುಸ್ತಕ ಕಳೆದುಹೋದರೆ ಬಹುಪಾಲು ತಿದ್ದುಪಡಿಗಳು ಅಲ್ಲಿಂದ ಮರಳಿ ದೊರೆಯುತ್ತವೆ. ಆದುದರಿಂದ ತಾನಾಗಿ ಬರೆಯುವುದನ್ನು ನಿಲ್ಲಿಸಿ, ದಿನದ ಕೆಲಸ ಮುಗಿದ ಮೇಲೆ ಆ ದಿನದ ಚಿತ್ರಗಳನ್ನೆಲ್ಲ ಆಯ್ದು ಕಂಟ್ರೋಲ್ ಮತ್ತು ಎಸ್ ಒತ್ತಿ ಒಮ್ಮೆಗೇ ಬರೆಸುವುದು ಉಚಿತ. ಸಂಜೆ ರೋಕಡ ತಾಳೆ ನೋಡುವ ಹೊತ್ತಿಗೆ ಇದೂ ಮುಗಿಯಲಿ.

ಸ್ಮೃತಿಯ ಕೊರತೆಯನ್ನು ಒಂದು ಚಿಕ್ಕ ಲೆಕ್ಕದಿಂದ ಅರಿಯಬಹುದು. 24 ಮೆಗಾಪಿಕ್ಸೆಲ್ ಚಿತ್ರವನ್ನು ತಿದ್ದಲು ತೆರೆದಾಗ, ಮೂರು ಬಣ್ಣಗಳಿಗೆ ತಲಾ 2 ಬೈಟ್‌ನಂತೆ 144 ಎಂಬಿ ಬೇಕು. ಕೆಲಸದ ನಡುವೆ ಇಂತಹ ಹಲವು ಪ್ರತಿಗಳು ಏಕಕಾಲಕ್ಕೆ ಇರುತ್ತವೆ. ಟ್ಯಾಲಿ, ಬ್ರೌಸರ್‌ನ ಹತ್ತಾರು ಪುಟಗಳು ಜೊತೆಗೆ ತೆರೆದಿದ್ದರೆ 8 ಜಿಬಿ ಸ್ಮೃತಿ ಬೇಗನೆ ತುಂಬುತ್ತದೆ. 16 ಜಿಬಿ ಇರುವುದು ಒಳ್ಳೆಯದು.

ಇನ್ನು ಗೂಗಲ್‌ನ ಪಿಕಾಸಾವನ್ನು ಇಂದಿಗೂ ಬಳಸುವ ಅಂಗಡಿಗಳ ಸಂಗತಿ. 2016ರ ಮಾರ್ಚ್‌ನಲ್ಲಿಯೇ ಅದಕ್ಕೆ ಬೆಂಬಲ ನಿಂತಿದೆ, ಆದುದರಿಂದ ಅದರ ನಿಧಾನಕ್ಕೆ ಯಾವ ನವೀಕರಣವೂ ಬರುವುದಿಲ್ಲ. ಬಿಡುವ ಮುನ್ನ ಒಂದು ಎಚ್ಚರಿಕೆ ಅಗತ್ಯ: ಅದರಲ್ಲಿ ಮಾಡಿ ಸೇವ್ ಮಾಡದೆ ಬಿಟ್ಟ ತಿದ್ದುಪಡಿಗಳು ಚಿತ್ರದೊಳಗಿಲ್ಲ, ಪ್ರತಿ ಫೋಲ್ಡರಿನಲ್ಲಿರುವ ಗುಪ್ತ ಕಡತವೊಂದರಲ್ಲಿವೆ. ಚಿತ್ರಗಳನ್ನು ಪಿಕಾಸಾದಿಂದಲೇ ಹೊರತೆಗೆದು ನಂತರ ಸ್ಥಳಾಂತರಿಸಬೇಕು.

ಖರೀದಿಯ ಪ್ರಶ್ನೆ

ಇಷ್ಟೆಲ್ಲ ಆದ ಮೇಲೂ ಯಂತ್ರವೇ ಸಾಲದೆಂದು ಅಳತೆಯಿಂದ ಸಾಬೀತಾದರೆ, ಡಿಸ್ಕ್ ತುದಿ ಮುಟ್ಟಿದವರು ಮೊದಲು ಎಸ್‌ಎಸ್‌ಡಿಯನ್ನೂ, ಸ್ಮೃತಿ ತುಂಬಿದವರು ಮೊದಲು ಸ್ಮೃತಿಯನ್ನೂ ಹಾಕಿಸಬೇಕು. ಇಡೀ ಯಂತ್ರದ ಬದಲಾವಣೆ ಕೊನೆಯದು. ಇದಕ್ಕೆ ತೆರಿಗೆಯ ಕಾರಣವೂ ಇದೆ. ಆದಾಯ ತೆರಿಗೆಯ ಲೆಕ್ಕದಲ್ಲಿ ಗಣಕಯಂತ್ರಗಳ ಸವಕಳಿ ದರವು 2017-18ನೇ ಹಣಕಾಸು ವರ್ಷದಿಂದ ಶೇಕಡಾ 60ರಿಂದ 40ಕ್ಕೆ ಇಳಿಯಿತು. ಅಂದರೆ ಹಿಂದಿನಂತೆ ಬೆಲೆಯ ಹೆಚ್ಚಿನ ಭಾಗವು ಮೊದಲ ವರ್ಷದಲ್ಲಿಯೇ ಕಳೆದುಹೋಗುವುದಿಲ್ಲ. ಆ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಕೆಯಾದ ಆಸ್ತಿಗೆ ದರದ ಅರ್ಧ ಮಾತ್ರ ದೊರೆಯುತ್ತದೆ. ದೀಪಾವಳಿಯ ಗಿರಾಕಿಗಳ ಒತ್ತಡದಲ್ಲಿ ಅಕ್ಟೋಬರ್ ಮಧ್ಯದಲ್ಲಿ 80,000 ರೂಪಾಯಿಯ ಯಂತ್ರ ಕೊಂಡವರಿಗೆ ಆ ವರ್ಷ 32,000 ರೂಪಾಯಿಯ ಬದಲು 16,000 ರೂಪಾಯಿಯ ಸವಕಳಿ ಮಾತ್ರ ಸಿಗುತ್ತದೆ. ಟಾಸ್ಕ್ ಮ್ಯಾನೇಜರ್ ಮುಂದೆ ಕುಳಿತು ಅಳೆಯುವ ಅರ್ಧ ಗಂಟೆಯನ್ನು ಶ್ರಾವಣದಲ್ಲಿಯೇ, ಸೀರೆಗಳ ಹೊಸ ಮಾಲು ಬರುವ ಮುನ್ನ, ತೆಗೆದಿರಿಸಬಹುದು.