ನಾರು ಬೆರೆತ ಜೇಡಿಮಣ್ಣು: ಒಂದು ಪಾಠ, ಒಂದು ತಿದ್ದುಪಡಿ

ಬೋಧನಾಭ್ಯಾಸದ ಅವಧಿಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ಶಾಲೆಗಳಿಗೆ ಹೋಗುತ್ತಾರೆ. ಅವರಲ್ಲಿ ಒಬ್ಬರು ಏಳನೆಯ ತರಗತಿಗೆ ಮಣ್ಣು ಮತ್ತು ನಾರನ್ನು ಒಟ್ಟಿಗೆ ತರುವ ಚಟುವಟಿಕೆ ಪಾಠವೊಂದನ್ನು ಸಿದ್ಧಪಡಿಸಿದರು. ಪಠ್ಯದಲ್ಲಿ ಬೇರೆ ಬೇರೆಯಾಗಿ ಬರುವ ಎರಡು ವಿಷಯಗಳನ್ನು ಕೂಡಿಸಿದ್ದು ನನಗೆ ಇಷ್ಟವಾಯಿತು. ಪಾಠಯೋಜನೆಯ ಮುಖ್ಯ ಬೋಧನಾಂಶ ಹೀಗಿತ್ತು: "ಜೇಡಿಮಣ್ಣಿಗೆ ಸೆಣಬಿನ ನಾರು ಬೆರೆಸಿದರೆ ಮಡಕೆ ಗಟ್ಟಿಯಾಗುತ್ತದೆ." ಓದಿ ಸಹಿ ಹಾಕಿದವನು ನಾನೇ.

ಆ ವಾಕ್ಯ ಕಪ್ಪುಹಲಗೆಯ ಮೇಲೆ ಬಂದಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮಿಸ್, ಸುಟ್ಟಮೇಲೆ ನಾರು ಎಲ್ಲಿರುತ್ತೆ? ಉರಿದುಹೋಗಲ್ವಾ?" ಎಂದು ಕೇಳಿದಳು. ಪಕ್ಕದಲ್ಲಿ ಯಾರೋ ಅವಳ ಮನೆಯ ಕಸುಬಿನ ಹೆಸರು ಹಿಡಿದು ಪಿಸುಗುಟ್ಟಿದರು. ನಾಲ್ಕು ಮಕ್ಕಳು ನಕ್ಕರು. "ಅದು ಮುಂದೆ ಬರುತ್ತೆ, ಕೂತ್ಕೋಮ್ಮ" ಎಂದು ಪ್ರಶಿಕ್ಷಣಾರ್ಥಿ ಪಾಠ ಮುಂದುವರಿಸಿದರು. ನಗು ಅವರ ಕಿವಿಗೆ ಬಿದ್ದಿರಲಿಲ್ಲ. ಹಿಂದೆ ಕುಳಿತಿದ್ದ ನನಗೆ ಬಿದ್ದಿತ್ತು. ಆದರೂ ಅವಲೋಕನಾ ಪುಸ್ತಕದಲ್ಲಿ "ತರಗತಿ ನಿರ್ವಹಣೆ ಉತ್ತಮ" ಎಂದು ಬರೆದೆ.

ಹುಡುಗಿಯ ಪ್ರಶ್ನೆ ಸರಿಯಾಗಿತ್ತು, ನಮ್ಮ ವಾಕ್ಯ ಅರ್ಧ ಮಾತ್ರ ಸರಿಯಾಗಿತ್ತು. ಪಾಠವನ್ನು ತಿದ್ದಿ ಅದೇ ತರಗತಿಗೆ ಮತ್ತೆ ಮಾಡಿದೆವು. ಆ ತಿದ್ದುಪಡಿಯ ವಿವರ ಇಲ್ಲಿದೆ.

ಬೆಂಕಿಗೆ ಮುಂಚೆ, ಬೆಂಕಿಯ ನಂತರ

ಜೇಡಿಮಣ್ಣಿನ ಕಣಗಳು ಅತಿ ಸಣ್ಣ, ಚಪ್ಪಟೆ ಹಾಳೆಗಳಂತೆ ಇರುತ್ತವೆ. ಹಸಿ ಮಣ್ಣಿನಲ್ಲಿ ಅವುಗಳ ನಡುವೆ ನೀರು ಇರುತ್ತದೆ. ನೀರು ಆರಿದಂತೆ ಕಣಗಳು ಹತ್ತಿರ ಸರಿದು ಮಣ್ಣು ಕುಗ್ಗುತ್ತದೆ. ಹೊರಭಾಗ ಬೇಗ ಆರಿ, ಒಳಭಾಗ ಹಸಿಯಾಗಿಯೇ ಉಳಿದರೆ ಬಿರುಕು ಬೀಳುತ್ತದೆ. ಕತ್ತರಿಸಿ ಬೆರೆಸಿದ ನಾರು ಬಿರುಕಿನ ಎರಡೂ ಬದಿಯನ್ನು ಹಿಡಿದು ನಿಲ್ಲುತ್ತದೆ. ಗೋಡೆಯ ಮಣ್ಣಿಗೆ ಹುಲ್ಲು ಸೇರಿಸಿ ತುಳಿಯುವುದು ಇದೇ ಕಾರಣಕ್ಕೆ.

ಬೆಂಕಿಯಲ್ಲಿ ಕಥೆ ಬೇರೆ. ಸಸ್ಯದ ನಾರು ಸುಮಾರು 300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಉರಿಯತೊಡಗುತ್ತದೆ. ಜೇಡಿಮಣ್ಣು ಮತ್ತೆ ನೀರಿನಲ್ಲಿ ಕರಗದ ಮಡಕೆಯಾಗಲು 500–600 ಡಿಗ್ರಿ ದಾಟಬೇಕು. ಅಂದರೆ ಮಣ್ಣು ಮಡಕೆಯಾಗುವ ಹೊತ್ತಿಗೆ ನಾರು ಇರುವುದೇ ಇಲ್ಲ. ಅದಿದ್ದ ಜಾಗದಲ್ಲಿ ಸಣ್ಣ ಕೊಳವೆಯಂಥ ರಂಧ್ರ ಉಳಿಯುತ್ತದೆ. ಗಾಳಿ ಸಾಲದೆ ಬೆಂದರೆ ಇದ್ದಿಲು ಉಳಿದು, ಒಡೆದಾಗ ನಡುವೆ ಕಪ್ಪು ಪಟ್ಟಿ ಕಾಣುತ್ತದೆ. ಬೆಂದ ವಸ್ತು ಹಗುರವಾಗುತ್ತದೆ, ಹೆಚ್ಚು ನೀರು ಹೀರುತ್ತದೆ, ಸಾಮಾನ್ಯವಾಗಿ ಬೇಗ ಮುರಿಯುತ್ತದೆ.

ಸುಡದ ಮಣ್ಣಿನಲ್ಲಿ ನಾರು ಎಷ್ಟು ಕಾಲ ಉಳಿಯಬಲ್ಲದು ಎಂಬುದಕ್ಕೆ ಎಲ್ಲೋರ ಒಳ್ಳೆಯ ಉದಾಹರಣೆ. ಅಲ್ಲಿನ ಗುಹೆಗಳ ಗಾರೆಯಲ್ಲಿ ಜೇಡಿಮಣ್ಣು ಮತ್ತು ಸುಣ್ಣದ ಜೊತೆ ಸೆಣಬಿನ ಗಿಡದ ಭಾಗಗಳನ್ನು ಬೆರೆಸಿರುವುದನ್ನು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯಲ್ಲಿದ್ದ ರಸಾಯನ ತಜ್ಞ ರಾಜದೇವ್ ಸಿಂಗ್ ಮತ್ತು ಸಸ್ಯ ವಿಜ್ಞಾನಿ ಮಿಲಿಂದ್ ಸರ್ದೇಸಾಯಿ 2016ರಲ್ಲಿ ಪ್ರಕಟಿಸಿದರು. ಸಾವಿರಕ್ಕೂ ಹೆಚ್ಚು ವರ್ಷಗಳ ನಂತರವೂ ಅದು ಗುರುತು ಸಿಗುವಂತೆ ಉಳಿದಿತ್ತು. ಆ ಗಾರೆ ಆವಿಗೆಯನ್ನು ಕಂಡಿರಲಿಲ್ಲ.

ಯಾವ ಸೆಣಬು?

ನಾವು 'ಸೆಣಬು' ಎಂದು ಒಂದೇ ಹೆಸರಿನಿಂದ ಕರೆಯುವ ಗಿಡಗಳು ಹಲವು. ಗೋಣಿಚೀಲದ ಸೆಣಬು ಒಂದು. ಹೊಲಕ್ಕೆ ಹಸಿರೆಲೆ ಗೊಬ್ಬರವಾಗಿ ಬಿತ್ತುವ ಅಪ್ಸೆಣಬು ಇನ್ನೊಂದು. ಪುಂಡಿಯ ನಾರನ್ನೂ ಇದೇ ಕೆಲಸಕ್ಕೆ ಬಳಸಬಹುದು. ನಮ್ಮ ತಾಲ್ಲೂಕುಗಳಲ್ಲಿ ಮನೆಯಲ್ಲಿ ತೆಲುಗು ಆಡುವ ಮಕ್ಕಳು ಅಪ್ಸೆಣಬನ್ನು 'ಜನುಮು' ಎಂದೂ ಪುಂಡಿಯನ್ನು 'ಗೋಗು' ಎಂದೂ ಹೇಳುತ್ತಾರೆ. ಆ ಹೆಸರುಗಳನ್ನೂ ಹಲಗೆಯ ಮೇಲೆ ಬರೆಯಿರಿ.

ಎಲ್ಲೋರದ ಸೆಣಬು ಗಾಂಜಾ ಗಿಡದ ಜಾತಿಯದೇ. ಮಕ್ಕಳು ಈ ಪ್ರಶ್ನೆ ಕೇಳುತ್ತಾರೆ, ನುಣುಚಿಕೊಳ್ಳಬೇಡಿ. ಆ ಗಿಡದ ನಾರಿನಿಂದ ಹಗ್ಗ, ಬಟ್ಟೆ ಮಾಡುತ್ತಿದ್ದರು. 1985ರ ಮಾದಕ ವಸ್ತುಗಳ ಕಾಯ್ದೆಯಂತೆ ಅನುಮತಿ ಇಲ್ಲದೆ ಅದನ್ನು ಬೆಳೆಯುವುದು ಅಪರಾಧ. ಇಷ್ಟು ಹೇಳಿದರೆ ಸಾಕು. ನಮ್ಮ ಪ್ರಯೋಗಕ್ಕೆ ಹಳೆಯ ಗೋಣಿಚೀಲದ ದಾರವೇ ಸಾಕು.

ತಿದ್ದಿದ ಪಾಠಯೋಜನೆ

ಅವಧಿ: 40 ನಿಮಿಷದ ಮೂರು ತರಗತಿಗಳು, ನಡುವೆ ಒಣಗಲು ಮತ್ತು ಸುಡಲು ಬಿಡುವು.

ಸಾಮಗ್ರಿ: ಜರಡಿ ಹಿಡಿದ ಒಣ ಜೇಡಿಮಣ್ಣು 2 ಕಿಲೋ, ಒಂದರಿಂದ ಎರಡು ಸೆಂ.ಮೀ. ಉದ್ದಕ್ಕೆ ಕತ್ತರಿಸಿ ಬಿಡಿಸಿದ ಗೋಣಿನಾರು 10 ಗ್ರಾಂ, ಅಳತೆಪಟ್ಟಿ, ತಕ್ಕಡಿ, ಎರಡು ಇಟ್ಟಿಗೆ, ದಾರ ಕಟ್ಟಿದ ಡಬ್ಬಿ, ಮರಳು. ಮಣ್ಣು ಕೆರೆಯದ್ದಾದರೆ ಗ್ರಾಮ ಪಂಚಾಯಿತಿಯ ಒಪ್ಪಿಗೆ ಪಡೆಯಿರಿ.

ಮೊದಲ ತರಗತಿ: ಮಣ್ಣನ್ನು ಎರಡು ಪಾಲು ಮಾಡಿ, ಒಂದಕ್ಕೆ ಮಾತ್ರ ನಾರು ಬೆರೆಸಿ ನಾದಿಸಿ. ಎರಡರಿಂದಲೂ 20 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ, 1 ಸೆಂ.ಮೀ. ದಪ್ಪದ ಪಟ್ಟಿಗಳನ್ನು ಮಾಡಿಸಿ. ಪ್ರತಿಯೊಂದರ ಮೇಲೂ 10 ಸೆಂ.ಮೀ. ಗೆರೆ ಎಳೆದು, ನೆರಳಿನಲ್ಲಿ ಒಂದು ವಾರ ಒಣಗಿಸಿ. "ಯಾವುದು ಗಟ್ಟಿ? ಸುಟ್ಟಮೇಲೆ?" ಎಂಬ ಎರಡೂ ಪ್ರಶ್ನೆಗಳಿಗೆ ಪ್ರತಿ ಮಗುವಿನ ಊಹೆಯನ್ನು ಬರೆಸಿ.

ಎರಡನೆಯ ತರಗತಿ: ಗೆರೆಯನ್ನು ಮತ್ತೆ ಅಳೆಯಲಿ. 10 ಸೆಂ.ಮೀ. ಗೆರೆ 9.3ಕ್ಕೆ ಇಳಿದಿದ್ದರೆ ಕುಗ್ಗಿದ್ದು ಶೇಕಡಾ 7. ಪಟ್ಟಿಯನ್ನು ಎರಡು ಇಟ್ಟಿಗೆಗಳ ಮೇಲೆ ಅಡ್ಡ ಇಟ್ಟು, ನಡುವೆ ಡಬ್ಬಿ ತೂಗುಹಾಕಿ, ಮರಳನ್ನು ಲೋಟದ ಲೆಕ್ಕದಲ್ಲಿ ಸುರಿಯಲಿ. ಬರಿ ಮಣ್ಣಿನದು ಥಟ್ಟನೆ ಎರಡು ತುಂಡಾಗುತ್ತದೆ. ನಾರಿನದು ಬಿರುಕು ಬಿಟ್ಟರೂ ನಾರಿನ ಮೇಲೆ ಜೋತಾಡುತ್ತದೆ.

ಸುಡುವುದು: ಉಳಿದ ಪಟ್ಟಿಗಳನ್ನು ಊರಿನ ಕುಂಬಾರರ ಆವಿಗೆಯಲ್ಲಿ ಸುಡಿಸಿ. ಶಾಲೆಯಲ್ಲಿ ಮಕ್ಕಳ ಕೈಲಿ ಬೆಂಕಿ ಬೇಡ. ಪೂರ್ತಿ ಒಣಗದ ಪಟ್ಟಿ ಒಳಗಿನ ನೀರು ಆವಿಯಾಗಿ ಸಿಡಿಯುತ್ತದೆ. ಸುಟ್ಟುಕೊಟ್ಟವರಿಗೆ ಕೂಲಿ ಕೊಡಿ.

ಮೂರನೆಯ ತರಗತಿ: ಸುಟ್ಟ ಪಟ್ಟಿಗಳನ್ನು ತೂಗಿ, 24 ಗಂಟೆ ನೀರಿನಲ್ಲಿ ಇಟ್ಟು ಮತ್ತೆ ತೂಗಿ. ನಂತರ ಅದೇ ಮರಳಿನ ಪರೀಕ್ಷೆ. ಮುರಿದ ಅಂಚನ್ನು ಭೂತಗನ್ನಡಿಯಲ್ಲಿ ನೋಡಲಿ.

ಮೌಲ್ಯಮಾಪನ: ಒಲೆ, ಸುಡದ ಗಣೇಶನ ಮೂರ್ತಿ, ನೀರಿನ ಹೂಜಿ, ಮನೆಯ ಗೋಡೆ, ಹೆಂಚು. ಇವುಗಳಲ್ಲಿ ಯಾವುದಕ್ಕೆ ನಾರು ಬೆರೆಸುವಿರಿ, ಯಾಕೆ? ಹೂಜಿಯ ಬಗ್ಗೆ ಮಕ್ಕಳು ವಾದಿಸಲಿ. ನೀರು ತಂಪಾಗಲು ರಂಧ್ರ ಬೇಕು, ರಂಧ್ರ ಹೆಚ್ಚಾದರೆ ನೀರು ಸೋರುತ್ತದೆ.

ಮುಂದುವರಿಕೆ: ಶಿಡ್ಲಘಟ್ಟದಂಥ ಕಡೆ ರೇಷ್ಮೆ ತ್ಯಾಜ್ಯ ಸುಲಭವಾಗಿ ಸಿಗುತ್ತದೆ. ಒಂದೊಂದು ಎಳೆ ರೇಷ್ಮೆ ಮತ್ತು ಗೋಣಿನಾರನ್ನು ಶಿಕ್ಷಕರೇ ಸುಟ್ಟು ವಾಸನೆ ತೋರಿಸಬಹುದು: ಒಂದು ಕೂದಲು ಸುಟ್ಟಂತೆ, ಇನ್ನೊಂದು ಕಾಗದ ಸುಟ್ಟಂತೆ.

ಪ್ರಶಿಕ್ಷಣಾರ್ಥಿಗಳಿಗೆ ಎರಡು ಮಾತು

ಎರಡನೆಯ ಸಲದ ಪಾಠವನ್ನು ಪ್ರಶಿಕ್ಷಣಾರ್ಥಿ ಹೀಗೆ ಆರಂಭಿಸಿದರು: "ಹೋದ ಸಲ ನಾನು ಹಲಗೆಯ ಮೇಲೆ ಬರೆದದ್ದು ಪೂರ್ತಿ ಸರಿ ಇರಲಿಲ್ಲ. ಒಂದು ಪ್ರಶ್ನೆ ಬಂದಿತ್ತು. ಅದಕ್ಕೆ ಉತ್ತರ ಈಗ ನಾವೆಲ್ಲ ಸೇರಿ ಹುಡುಕೋಣ." ಹುಡುಗಿಯ ಹೆಸರನ್ನಾಗಲಿ ಮನೆಯ ಕಸುಬನ್ನಾಗಲಿ ಅವರು ಎತ್ತಲಿಲ್ಲ. ಇದನ್ನು ಗಮನಿಸಿ. "ನಿಮ್ಮ ಮನೇಲಿ ಇದೇ ಕೆಲಸ ಅಲ್ವಾ, ನೀನೇ ಹೇಳು" ಎನ್ನುವುದು ಪ್ರೋತ್ಸಾಹದಂತೆ ಕೇಳಿದರೂ, ಆ ಮಗುವನ್ನು ಮತ್ತೆ ಅದೇ ನಗುವಿನ ಎದುರು ನಿಲ್ಲಿಸುತ್ತದೆ. ಗೌರವ ಕೊಡಬೇಕಾದದ್ದು ಪ್ರಶ್ನೆಗೆ. ಕಸುಬಿನ ಗೌರವವನ್ನು ಬೇರೆಯಾಗಿ, ಕುಶಲಕರ್ಮಿಯನ್ನು ಸಂಪನ್ಮೂಲ ವ್ಯಕ್ತಿಯಾಗಿ ಕರೆಸಿ ತೋರಿಸಿ.

ಮುರಿದ ಅಂಚಿನಲ್ಲಿ ನಾರಿನ ದಾರಿಗಳು ಕಂಡಾಗ ಭೂತಗನ್ನಡಿಗೆ ನೂಕುನುಗ್ಗಲಾಯಿತು. ಹುಡುಗಿ ತನ್ನ ಸರದಿ ಬಂದಾಗ ನೋಡಿ, ಏನೂ ಹೇಳದೆ ಪಟ್ಟಿಯನ್ನು ಪಕ್ಕದವಳಿಗೆ ಕೊಟ್ಟಳು. ಹಿಂದೆ ಪಿಸುಗುಟ್ಟಿದ್ದ ಹುಡುಗ "ಇನ್ನೊಂದ್ಸಲ ತೋರಿಸೇ" ಎಂದು ಅವಳನ್ನೇ ಕೇಳಿದ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಜೀವನವಿಡೀ ಪ್ರಶ್ನೆ ಕೇಳುವುದನ್ನೇ ಕಲಿಸಿದರು. ಅವರ ಜಿಲ್ಲೆಯಲ್ಲಿ ಪಾಠ ಮಾಡುವ ನಾವು ಪಾಠಯೋಜನೆಯಲ್ಲಿ ಒಂದು ಅಂಕಣ ಹೆಚ್ಚಿಗೆ ಹಾಕಿಕೊಳ್ಳೋಣ: "ಮಕ್ಕಳು ಕೇಳಿದ, ನನಗೆ ಉತ್ತರ ತಿಳಿಯದ ಪ್ರಶ್ನೆ." ಮಾರ್ಗದರ್ಶಕರು ಸಹಿ ಹಾಕುವ ಮೊದಲು ಆ ಅಂಕಣವನ್ನು ಓದಲಿ. ನಾನು ಈಗ ಹಾಗೆ ಮಾಡುತ್ತಿದ್ದೇನೆ.