ಥೈರಾಯ್ಡ್ ಗುಳಿಗೆಯೂ ಬರಿಹೊಟ್ಟೆಯೂ

ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಶಾಲೆಯ ಹಳೆಯ ನೆನಪುಗಳನ್ನು ಬರೆಯುವವರು ಅನೇಕರಿದ್ದಾರೆ. ಬಾಳಿನ ಬಹುಭಾಗವನ್ನು ಪಾಠ ಹೇಳುವುದರಲ್ಲೇ ಕಳೆದ ನಾನು ಇಲ್ಲಿಯೂ ಒಂದು ಪಾಠವನ್ನೇ ಹೇಳಬಯಸುತ್ತೇನೆ.

ನನ್ನ ಮನೆಯಾಕೆ ಹಲವು ವರ್ಷಗಳಿಂದ ಥೈರಾಯ್ಡ್ ಗುಳಿಗೆಯನ್ನು ಸೇವಿಸುತ್ತಿದ್ದಾಳೆ. ಒಂದು ದಿನವೂ ತಪ್ಪಿಸಿದವಳಲ್ಲ. ಆದರೂ ಆಯಾಸ, ಮಲಬದ್ಧತೆಗಳು ಬಿಡಲಿಲ್ಲ, ರಕ್ತಪರೀಕ್ಷೆಯಲ್ಲಿ ಟಿ.ಎಸ್.ಎಚ್. ಇಳಿಯಲಿಲ್ಲ. 50 ಮೈಕ್ರೋಗ್ರಾಮಿನ ಗುಳಿಗೆ 75 ಆಯಿತು, ಬಳಿಕ 100 ಆಯಿತು. ಕೊನೆಗೆ ವೈದ್ಯರೊಬ್ಬರು, "ಅಮ್ಮಾ, ಗುಳಿಗೆಯನ್ನು ಹೇಗೆ ತೆಗೆದುಕೊಳ್ಳುತ್ತೀರಿ?" ಎಂದು ಕೇಳಿದರು. "ಬರಿಹೊಟ್ಟೆಗೇ, ಬೆಳಗಿನ ಕಾಫಿಯೊಂದಿಗೆ" ಎಂದಳು. ಔಷಧದಂಗಡಿಯಲ್ಲಿ ಮಲಯಾಳದಲ್ಲಿ ಹೇಳಿದ 'ವೆರುಂ ವಯಟ್ಟಿಲ್' ಎಂಬ ಮಾತು ನಮಗೆ ಅರ್ಥವಾಗಿತ್ತು. ಆದರೆ ನಮ್ಮ ಮನೆಗಳಲ್ಲಿ ಕಾಫಿಯನ್ನು ಆಹಾರವೆಂದು ಎಣಿಸುವ ವಾಡಿಕೆಯಿಲ್ಲವಷ್ಟೆ!

ಕುತ್ತಿಗೆಯ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯು ಸ್ರವಿಸುವ ಥೈರಾಕ್ಸಿನ್ ಎಂಬ ಹಾರ್ಮೋನನ್ನು 1914ರಲ್ಲಿ ಅಮೆರಿಕದ ಕೆಂಡಲ್ ಎಂಬ ವಿಜ್ಞಾನಿಯು ಪ್ರತ್ಯೇಕಿಸಿದನು. ಗ್ರಂಥಿಯು ಸೋತಾಗ ಗುಳಿಗೆಯ ರೂಪದಲ್ಲಿ ನಾವು ಸೇವಿಸುವುದು ಅದನ್ನೇ. ಈ ಗುಳಿಗೆಯು ಜಠರದ ಆಮ್ಲದಲ್ಲಿ ಕರಗಿ, ಸಣ್ಣ ಕರುಳಿನಲ್ಲಿ ರಕ್ತಕ್ಕೆ ಸೇರಬೇಕು. ಹೊಟ್ಟೆ ಬರಿದಾಗಿದ್ದರೆ ಸುಮಾರು ಶೇಕಡಾ 70ರಿಂದ 80ರಷ್ಟು ಸೇರುತ್ತದೆ. ಆಹಾರವಾಗಲಿ, ಕಾಫಿಯಾಗಲಿ ಜೊತೆಗಿದ್ದರೆ ಅದು ಕಡಿಮೆಯಾಗುತ್ತದೆ. ಆದುದರಿಂದ ಈ ಕ್ರಮಗಳನ್ನು ಅನುಸರಿಸುವುದು ಉತ್ತಮ:

1. ಬೆಳಗ್ಗೆ ಎದ್ದೊಡನೆ ಬರಿಯ ನೀರಿನೊಂದಿಗೆ ನುಂಗಬೇಕು. ಕಾಫಿ, ಚಹಾ, ತಿಂಡಿ ಏನಿದ್ದರೂ ಅರ್ಧದಿಂದ ಒಂದು ಗಂಟೆಯ ಅನಂತರ.

2. ಬೆಳಗ್ಗೆ ಅನುಕೂಲವಿಲ್ಲದವರು ವೈದ್ಯರನ್ನು ಕೇಳಿ, ರಾತ್ರಿಯ ಊಟವಾಗಿ ಮೂರು ಗಂಟೆಗಳಾದ ಮೇಲೆ ಮಲಗುವಾಗ ಸೇವಿಸಬಹುದು. ಯಾವುದಾದರೂ ಒಂದೇ ಹೊತ್ತನ್ನು ನಿತ್ಯವೂ ಪಾಲಿಸಬೇಕು.

3. ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಗುಳಿಗೆಗಳು ಇದನ್ನು ಕರುಳಿನಲ್ಲೇ ಹಿಡಿದಿಡುತ್ತವೆ. ನಡುವೆ ನಾಲ್ಕು ಗಂಟೆಗಳ ಅಂತರವಿರಲಿ. ಗರ್ಭಿಣಿಯರಿಗೆ ಈ ಎರಡೂ ಗುಳಿಗೆಗಳನ್ನು ಕೊಡುವುದರಿಂದ ಅವರು ವಿಶೇಷವಾಗಿ ಗಮನಿಸಬೇಕು. ಆಮ್ಲಪಿತ್ತದ ಔಷಧಗಳನ್ನು ಸೇವಿಸುವವರು ಅದನ್ನು ವೈದ್ಯರಿಗೆ ತಿಳಿಸಬೇಕು.

4. ನಮ್ಮ ಕರಾವಳಿಯ ಮಳೆಗಾಲದ ತೇವವು ಗುಳಿಗೆಗೆ ಹಿತವಲ್ಲ. ಒಲೆಯ ಬಳಿಯಲ್ಲೂ ಬಚ್ಚಲಲ್ಲೂ ಇಡದೆ, ಮೂಲ ಪೊಟ್ಟಣದಲ್ಲೇ ಒಣಗಿದ ಜಾಗದಲ್ಲಿರಿಸಬೇಕು.

ಇಲ್ಲೊಂದು ಎಚ್ಚರಿಕೆಯ ಮಾತಿದೆ. ಸೇವನೆಯ ಕ್ರಮ ಸರಿಯಾದಾಗ ಹಳೆಯ ಪ್ರಮಾಣವೇ ಅತಿಯಾಗಬಹುದು. ಅತಿಯಾದರೆ ಎದೆಬಡಿತ ಏರುಪೇರಾಗುತ್ತದೆ, ವೃದ್ಧರ ಎಲುಬುಗಳು ಸವೆಯುತ್ತವೆ. ಆದಕಾರಣ ಕ್ರಮವನ್ನು ಬದಲಾಯಿಸುವ ಮೊದಲೇ ವೈದ್ಯರಿಗೆ ತಿಳಿಸಿ, ಆರರಿಂದ ಎಂಟು ವಾರಗಳಲ್ಲಿ ರಕ್ತಪರೀಕ್ಷೆ ಮಾಡಿಸಬೇಕು. ಈ ಹಾರ್ಮೋನು ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಹೀಗಾಗಿ ಫಲವು ತಿಳಿಯುವುದೂ ನಿಧಾನ. ಚೇತರಿಕೆಯಾಯಿತೆಂದು ತಾವಾಗಿಯೇ ಗುಳಿಗೆಯನ್ನು ನಿಲ್ಲಿಸಲೂಬಾರದು.

ನಮ್ಮ ಮನೆಯಲ್ಲಿ ಈಗ ಕಾಫಿ ಒಂದು ಗಂಟೆ ತಡವಾಗಿದೆ. ಎರಡು ತಿಂಗಳ ಬಳಿಕ ವೈದ್ಯರು ಗುಳಿಗೆಯನ್ನು 100ರಿಂದ 75ಕ್ಕೆ ಇಳಿಸಿದರು. ಆಕೆ ಮತ್ತೆ ಅಂಗಳದ ಹೂಗಿಡಗಳ ಆರೈಕೆಗೆ ತೊಡಗಿದ್ದಾಳೆ.

ಗಡಿನಾಡಿನ ನಮ್ಮ ಹಿರಿಯರಲ್ಲಿ ಅನೇಕರಿಗೆ ಔಷಧದ ಚೀಟಿಯ ಇಂಗ್ಲಿಷೂ ಅಂಗಡಿಯ ಮಲಯಾಳವೂ ಪೂರ್ತಿ ತಿಳಿಯದು. ಈ ಶಾಲೆಯಲ್ಲಿ ಅಕ್ಷರ ಕಲಿತ ಹಳೆ ವಿದ್ಯಾರ್ಥಿಗಳು ತಂದೆತಾಯಿಯರ ಬಳಿ ಕುಳಿತು, "ಗುಳಿಗೆಯನ್ನು ಯಾವಾಗ, ಯಾವುದರೊಂದಿಗೆ ತೆಗೆದುಕೊಳ್ಳುತ್ತೀರಿ?" ಎಂದು ಒಮ್ಮೆ ವಿಚಾರಿಸಿದರೆ ಈ ಮುದಿ ಮಾಸ್ತರನ ಪಾಠ ಸಾರ್ಥಕವಾದಂತೆ.