ತೆರೆದ ರಕ್ತನಾಳವು ಮತ್ತೆ ಕಿರಿದಾಗುವುದೇಕೆ?

ಬೆಳ್ತಂಗಡಿ ತಾಲ್ಲೂಕಿನ ಚಾರ್ಮಾಡಿ ತಪ್ಪಲಿನಲ್ಲಿ ಮಳೆಗಾಲದಲ್ಲಿ ನಡೆದಾಡುವವರಿಗೆ ಉಂಬಳದ ಪರಿಚಯ ಇದ್ದೇ ಇರುತ್ತದೆ. ಅದು ರಕ್ತ ಹೀರಿ ಉದುರಿದ ಮೇಲೂ ಗಾಯದಿಂದ ರಕ್ತವು ಬಹಳ ಹೊತ್ತು ಒಸರುತ್ತದೆ. ಉಂಬಳ, ಜಿಗಣೆಗಳ ಜೊಲ್ಲಿನಲ್ಲಿ ರಕ್ತವು ಹೆಪ್ಪುಗಟ್ಟದಂತೆ ತಡೆಯುವ ವಸ್ತುಗಳಿರುವುದೇ ಇದಕ್ಕೆ ಕಾರಣ. ಜಾನ್ ಹೇಕ್ರಾಫ್ಟ್ ಎಂಬ ವಿಜ್ಞಾನಿ ಜಿಗಣೆಯ ಈ ಗುಣವನ್ನು 1884ರಲ್ಲಿ ವಿವರಿಸಿದರು. 1950ರ ದಶಕದಲ್ಲಿ ಜರ್ಮನಿಯ ಮಾರ್ಕ್‌ವಾರ್ಟ್ ಅವರು ಆ ವಸ್ತುವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಅದರ ಹೆಸರು ಹಿರುಡಿನ್.

ಗಾಯವಾದಾಗ ಥ್ರಾಂಬಿನ್ ಎಂಬ ಕಿಣ್ವವು ರಕ್ತದಲ್ಲಿ ಕರಗಿರುವ ಒಂದು ಪ್ರೋಟೀನನ್ನು ನೂಲಿನಂತಹ ಎಳೆಗಳನ್ನಾಗಿ ಮಾಡುತ್ತದೆ. ಈ ಎಳೆಗಳ ಬಲೆಯಲ್ಲಿ ರಕ್ತಕಣಗಳು ಸಿಕ್ಕಿ ಹೆಪ್ಪು ಉಂಟಾಗುತ್ತದೆ. ಹಿರುಡಿನ್ ಆ ಥ್ರಾಂಬಿನ್ನನ್ನೇ ಹಿಡಿದು ನಿಲ್ಲಿಸುತ್ತದೆ. ನಮ್ಮ ಶರೀರದಲ್ಲಿಯೂ ಆಂಟಿಥ್ರಾಂಬಿನ್ ಮೊದಲಾದ ಸಹಜ ತಡೆಗಳಿದ್ದು, ರಕ್ತವು ನಾಳಗಳೊಳಗೆ ಅನಾವಶ್ಯಕವಾಗಿ ಹೆಪ್ಪುಗಟ್ಟದಂತೆ ಕಾಯುತ್ತವೆ.

ಜಿಗಣೆಯ ವಸ್ತು ಕಲಿಸಿದ ಪಾಠ

ಹೃದಯಕ್ಕೆ ರಕ್ತ ಒದಗಿಸುವ ನಾಳವು ಕೊಬ್ಬಿನಿಂದ ಕಿರಿದಾದಾಗ, ಅದರೊಳಗೆ ಪುಟ್ಟ ಬಲೂನನ್ನು ಉಬ್ಬಿಸಿ ತೆರೆಯುವ ಚಿಕಿತ್ಸೆಯನ್ನು ಗ್ರುಂಟ್‌ಸಿಗ್ ಎಂಬ ವೈದ್ಯರು 1977ರಲ್ಲಿ ಜ್ಯೂರಿಕ್ ನಗರದಲ್ಲಿ ಮೊದಲು ಮಾಡಿದರು. ಇದೇ ಆಂಜಿಯೋಪ್ಲಾಸ್ಟಿ. ಆದರೆ ಬಲೂನಿನಿಂದ ಮಾತ್ರ ತೆರೆದ ನಾಳಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಕೆಲವೇ ತಿಂಗಳುಗಳಲ್ಲಿ ಮತ್ತೆ ಕಿರಿದಾಗುತ್ತಿದ್ದವು. ಹೆಪ್ಪುಗಟ್ಟುವುದೇ ಇದಕ್ಕೆ ಕಾರಣವಿರಬಹುದೆಂದು ಭಾವಿಸಿ ಹಿರುಡಿನ್ನನ್ನು 1141 ರೋಗಿಗಳಿದ್ದ ಒಂದು ಅಧ್ಯಯನದಲ್ಲಿ ಪರೀಕ್ಷಿಸಲಾಯಿತು. ಫಲಿತಾಂಶವು 1995ರಲ್ಲಿ ಪ್ರಕಟವಾಯಿತು. ಮೊದಲ ಕೆಲವು ದಿನಗಳ ಅಪಾಯವು ಕಡಿಮೆಯಾಗಿತ್ತು. ಆದರೆ ಏಳು ತಿಂಗಳ ನಂತರ ನೋಡಿದಾಗ ಆ ಲಾಭವು ಉಳಿದಿರಲಿಲ್ಲ.

ಇದನ್ನು ಅಡಿಕೆ ತೋಟದ ತೋಡಿನ ಉದಾಹರಣೆಯಿಂದ ತಿಳಿಯಬಹುದು. ಸೋಗೆ ಬಿದ್ದು ನೀರು ಥಟ್ಟನೆ ನಿಲ್ಲುವುದು ಒಂದು ಬಗೆ; ಅಂಚಿನಿಂದ ಹುಲ್ಲು ಬೆಳೆದು ತೋಡು ಮೆಲ್ಲನೆ ಕಿರಿದಾಗುವುದು ಇನ್ನೊಂದು ಬಗೆ. ಸೋಗೆ ತೆಗೆದ ಮಾತ್ರಕ್ಕೆ ಹುಲ್ಲು ನಿಲ್ಲದು. ಹಾಗೆಯೇ ಹೆಪ್ಪು ಒಂದು ಅಪಾಯ; ಬಲೂನಿನಿಂದ ಗಾಯಗೊಂಡ ನಾಳದ ಗೋಡೆಯು ಮಾಗುವಾಗ ಅದರ ಸ್ನಾಯುಕೋಶಗಳು ಒಳಕ್ಕೆ ಬೆಳೆಯುವುದು ಬೇರೊಂದು ಅಪಾಯ. ಈ ಬೆಳವಣಿಗೆಯನ್ನು ತಡೆಯಲೆಂದೇ ಔಷಧ ಲೇಪಿಸಿದ ಸ್ಟೆಂಟ್ ಎಂಬ ಲೋಹದ ಜಾಲರಿಯು 2000ದ ದಶಕದಲ್ಲಿ ಬಳಕೆಗೆ ಬಂದಿತು. ಅದರಿಂದ ಮರುಕಿರಿದಾಗುವಿಕೆಯು ಬಹಳಷ್ಟು ತಗ್ಗಿದೆ. ಆದರೆ ಸ್ಟೆಂಟಿನ ಮೇಲೆ ರಕ್ತವು ಹೆಪ್ಪುಗಟ್ಟುವ ಭಯವಿರುವುದರಿಂದ ಮಾತ್ರೆಗಳು ಅತ್ಯಗತ್ಯ.

ದಂಪತಿಗಳು ಗಮನಿಸಬೇಕಾದ ಅಂಶಗಳು

1. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮುಂತಾದ ಎರಡು ಮಾತ್ರೆಗಳನ್ನು ಸಾಮಾನ್ಯವಾಗಿ ಆರು ತಿಂಗಳಿನಿಂದ ಒಂದು ವರ್ಷದವರೆಗೆ ಕೊಡುತ್ತಾರೆ. ಬಳಿಕವೂ ಒಂದನ್ನು ಮುಂದುವರಿಸುವುದುಂಟು. "ಈಗ ಗುಣವಾಗಿದೆ" ಎಂದು ತಾವಾಗಿಯೇ ನಿಲ್ಲಿಸಬಾರದು. ಹಲ್ಲು ಕೀಳಿಸುವ ಮೊದಲೂ ಹೃದಯ ವೈದ್ಯರನ್ನು ಕೇಳಬೇಕು. ಆಟಿ ತಿಂಗಳ ಮಳೆಗೆ ಮುನ್ನ ಸಾಕಷ್ಟು ಮಾತ್ರೆಗಳನ್ನು ಮನೆಯಲ್ಲಿ ಇರಿಸಿಕೊಳ್ಳಬೇಕು.

2. ಜಿಗಣೆ ಕಚ್ಚಿಸುವುದರಿಂದ ಹೃದಯದ ನಾಳವು ತೆರೆಯುವುದಿಲ್ಲ. ಈ ಮಾತ್ರೆಗಳನ್ನು ಸೇವಿಸುವವರಿಗೆ ಅದರಿಂದ ರಕ್ತಸ್ರಾವದ ಅಪಾಯವಿದೆ.

3. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಬೀಡಿ ಕಟ್ಟುವುದು ಅನೇಕ ಮನೆಗಳ ಜೀವನೋಪಾಯವಾಗಿದೆ. ಕಟ್ಟುವ ಕೈಗೆ ಅನ್ನ ಕೊಟ್ಟ ಬೀಡಿಯೇ ಸೇದುವವನ ರಕ್ತನಾಳಕ್ಕೆ ಶತ್ರು. ಧೂಮಪಾನವನ್ನು ಪೂರ್ಣವಾಗಿ ಬಿಡಬೇಕು. ಸಕ್ಕರೆ ಕಾಯಿಲೆ ಇದ್ದವರಲ್ಲಿ ನಾಳವು ಮತ್ತೆ ಕಿರಿದಾಗುವ ಸಂಭವ ಹೆಚ್ಚು, ಅದನ್ನು ಹತೋಟಿಯಲ್ಲಿಡಬೇಕು.

4. ಹೃದಯ ರಕ್ತನಾಳದ ಕಾಯಿಲೆ ಇರುವ ಮಹಿಳೆಯು ಮಾಲಾ-ಎನ್ ಮುಂತಾದ ಈಸ್ಟ್ರೋಜನ್ ಉಳ್ಳ ಗರ್ಭನಿರೋಧಕ ಮಾತ್ರೆಗಳನ್ನು ಸೇವಿಸಬಾರದು. ಅವು ಹೆಪ್ಪುಗಟ್ಟುವಿಕೆಯನ್ನು ಹೆಚ್ಚಿಸುತ್ತವೆ. ಬೇರೆ ವಿಧಾನವನ್ನು ವೈದ್ಯಾಧಿಕಾರಿಗಳು ಸೂಚಿಸುವರು. ಗರ್ಭ ಧರಿಸುವ ಯೋಚನೆಯಿದ್ದರೆ ಮೊದಲೇ ಅವರನ್ನು ಕಾಣಬೇಕು.

5. ಗುಡ್ಡ ಏರುವಾಗ ಎದೆನೋವು ಮರಳಿ ಕಾಣಿಸತೊಡಗಿದರೆ ನಾಳವು ಮತ್ತೆ ಕಿರಿದಾಗುತ್ತಿರಬಹುದು. ತಡಮಾಡದೆ ತಪಾಸಣೆ ಮಾಡಿಸಬೇಕು. ಬೆವರಿನೊಡನೆ ಹಠಾತ್ತನೆ ತೀವ್ರ ಎದೆನೋವು ಬಂದರೆ ಅದು ಹೆಪ್ಪಿನ ಸೂಚನೆಯಿರಬಹುದು. ಕೂಡಲೇ 108ಕ್ಕೆ ಕರೆಮಾಡಬೇಕು. ಬೆಳ್ತಂಗಡಿಯಿಂದ ಮಂಗಳೂರಿಗೆ ಸುಮಾರು 60 ಕಿ.ಮೀ. ದಾರಿಯಿದೆ. ಬೆಳಗಾಗಲೆಂದು ಕಾಯುವುದು ಪ್ರಾಣಕ್ಕೆ ಎರವಾದೀತು.

ನಾಳವನ್ನು ತೆರೆಯುವುದು ವೈದ್ಯರ ಒಂದು ಗಂಟೆಯ ಕೆಲಸ. ತೆರೆದದ್ದನ್ನು ಉಳಿಸಿಕೊಳ್ಳುವುದು ಮನೆಯವರ ದಿನನಿತ್ಯದ ಕೆಲಸ. ಪತಿಯ ಮಾತ್ರೆಯ ವೇಳೆಯನ್ನು ಪತ್ನಿಯೂ, ಪತ್ನಿಯದನ್ನು ಪತಿಯೂ ನೆನಪಿಡುವ ಮನೆಯಲ್ಲಿ ಈ ಕೆಲಸವು ಭಾರವೆನಿಸದು.